ಫ್ರೀಬಿಎಸ್‌ಡಿಯಲ್ಲಿ ವೈಫೈ 25 ಎಂಬಿಪಿಎಸ್‌ಗೆ ನಿಂತುಬಿಟ್ಟರೆ

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್ ಎಎಕ್ಸ್210 ವೈಫೈ ಕಾರ್ಡ್ ಇದೆ. ಲಿನಕ್ಸ್‌ನಂತೆಯೇ ಮುಕ್ತ ಕಾರ್ಯಾಚರಣ ವ್ಯವಸ್ಥೆಯಾದ ಫ್ರೀಬಿಎಸ್‌ಡಿಯ 14.2ನೇ ಆವೃತ್ತಿ ಹಾಕಿಕೊಂಡಿದ್ದೇನೆ. ವೈಫೈ ಸೇರುತ್ತದೆ, ಆದರೆ ವೇಗ 20–25 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ದಾಟುವುದೇ ಇಲ್ಲ. ಅದೇ ಯಂತ್ರದಲ್ಲಿ, ಅದೇ ಜಾಗದಲ್ಲಿ ಕೂತು ಲಿನಕ್ಸ್ ಹಾಕಿದರೆ 400ರ ಮೇಲೆ ಹೋಗುತ್ತದೆ. ಆಗಾಗ ಸಂಪರ್ಕ ತಾನಾಗಿ ಕಡಿಯುತ್ತದೆ ಬೇರೆ. ಇದು ಡ್ರೈವರ್‌ನ (ಕಾರ್ಡನ್ನು ನಡೆಸುವ ತಂತ್ರಾಂಶದ) ದೋಷವೇ? ನಾನೇನು ಮಾಡಬಹುದು? ನನಗೆ ಸಿ ಭಾಷೆ ಬರುತ್ತದೆ. ಕರ್ನಲ್‌ನ (ವ್ಯವಸ್ಥೆಯ ತಿರುಳಿನ) ಈ ಭಾಗ ಸುಧಾರಿಸುವ ಕೆಲಸಕ್ಕೆ ಕೈ ಹಚ್ಚಬೇಕೆಂದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಆವೃತ್ತಿ ಏರಿಸಿ, ಉಳಿದದ್ದು ಆಮೇಲೆ. 14.2ರವರೆಗೆ ಫ್ರೀಬಿಎಸ್‌ಡಿ ನಿಮ್ಮ ಕಾರ್ಡನ್ನು ವೈಫೈಯ ಹಳೆಯ ಮಾನದಂಡಗಳಾದ 802.11ಎ/ಜಿ ಮಟ್ಟದಲ್ಲಷ್ಟೇ ಓಡಿಸುತ್ತಿತ್ತು. 2025ರ ಜೂನ್‌ನಲ್ಲಿ ಬಂದ 14.3ರಲ್ಲಿ ಇಂಟೆಲ್ ಕಾರ್ಡ್‌ಗಳ ಐಡಬ್ಲ್ಯುಎಲ್‌ವೈಫೈ ಡ್ರೈವರ್‌ಗೆ 802.11ಎನ್ (ವೈಫೈ 4) ಮತ್ತು 802.11ಎಸಿ (ವೈಫೈ 5) ಬೆಂಬಲ ಸಿಕ್ಕಿತು. ಇಂಟೆಲ್‌ನ ವೈಫೈ 6 ಮತ್ತು 7ರ ಕಾರ್ಡ್‌ಗಳೆಲ್ಲ, ವೈಫೈ 5ರ ಕೆಲವು ಕಾರ್ಡ್‌ಗಳು ಇದರಲ್ಲಿ ಸೇರುತ್ತವೆ. ನಿಮ್ಮ ಎಎಕ್ಸ್210 ಕೂಡ ಸೇರಿದೆ. ಆದರೆ 802.11ಎಎಕ್ಸ್ (ವೈಫೈ 6) ವೇಗವನ್ನಾಗಲಿ, 6 ಗಿಗಾಹರ್ಟ್ಸ್ ಪಟ್ಟಿಯನ್ನಾಗಲಿ ನಿರೀಕ್ಷಿಸಬೇಡಿ. ಡಬ್ಬಿಯ ಮೇಲೆ ವೈಫೈ 6ಇ ಎಂದಿದ್ದರೂ ಇಲ್ಲಿ ಅದು ವೈಫೈ 5ರ ಕಾರ್ಡಿನಂತೆ ನಡೆದುಕೊಳ್ಳುತ್ತದೆ.

ಒಂದು ಸೂಚನೆ: ಆದೇಶಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ.

ಇದು ಡ್ರೈವರ್‌ನ ದೋಷವೇ ಎಂದು ಕೇಳಿದ್ದೀರಿ. ಅಲ್ಲ. ಅದಕ್ಕೆ ಕಾರಣ ತಿಳಿಯಲು ಮೊದಲು ಒಂದು ಲೆಕ್ಕ ನೋಡೋಣ.

802.11ಎ ಗರಿಷ್ಠ ದರ 54 ಎಂಬಿಪಿಎಸ್. ಆ ದರದಲ್ಲಿ 1500 ಬೈಟ್‌ನ ಒಂದು ಪ್ಯಾಕೆಟ್ ಗಾಳಿಯಲ್ಲಿ ಹೋಗಲು ಸುಮಾರು 248 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಅದಕ್ಕೂ ಮುಂಚೆ ಚಾನೆಲ್ ಖಾಲಿಯಿದೆಯೇ ಎಂದು 34 ಮೈಕ್ರೋಸೆಕೆಂಡ್ ಕಾಯಬೇಕು. ಬೇರೆಯವರೊಂದಿಗೆ ಡಿಕ್ಕಿಯಾಗದಿರಲು ಯಾದೃಚ್ಛಿಕವಾಗಿ ಸರಾಸರಿ 67 ಮೈಕ್ರೋಸೆಕೆಂಡ್ ಹೆಚ್ಚಿಗೆ ಕಾಯಬೇಕು. ಕಳಿಸಿದ ಮೇಲೆ 16 ಮೈಕ್ರೋಸೆಕೆಂಡ್ ಬಿಡುವು, ನಂತರ ಪ್ಯಾಕೆಟ್ ತಲುಪಿತೆಂದು ಹೇಳುವ 28 ಮೈಕ್ರೋಸೆಕೆಂಡ್‌ನ ಸ್ವೀಕೃತಿ. ಒಟ್ಟು 393 ಆಯಿತು. ಅಂದರೆ ದತ್ತಾಂಶ ಒಂದೇ ದಿಕ್ಕಿನಲ್ಲಿ ಹರಿದರೂ ಸೆಕೆಂಡಿಗೆ 30 ಮೆಗಾಬಿಟ್. ದತ್ತಾಂಶ ತಲುಪಿತೆಂದು ಖಾತ್ರಿಪಡಿಸಿಕೊಳ್ಳುವ ಟಿಸಿಪಿ ವಿಧಾನದಲ್ಲಿ ಎರಡು ಪ್ಯಾಕೆಟ್‌ಗೊಂದರಂತೆ ಎದುರು ದಿಕ್ಕಿನಿಂದ ಬರುವ ಟಿಸಿಪಿ ಸ್ವೀಕೃತಿಯೂ ಇದೇ ಗಾಳಿಯನ್ನು ಬಳಸುತ್ತದೆ. ಅದನ್ನೂ ಸೇರಿಸಿದರೆ 24ಕ್ಕೆ ಬಂದು ನಿಲ್ಲುತ್ತದೆ. ನೀವು ಅಳೆದದ್ದೂ ಅದನ್ನೇ. ನಿಮ್ಮ ಕಾರ್ಡ್ ಆ ಮಟ್ಟದಲ್ಲಿ ಕೊಡಬಹುದಾದದ್ದನ್ನು ಪೂರ್ತಿ ಕೊಡುತ್ತಿತ್ತು.

ಈಗ ದರವನ್ನಷ್ಟೇ 54ರಿಂದ 866 ಎಂಬಿಪಿಎಸ್‌ಗೆ ಏರಿಸಿದೆವು ಎಂದಿಟ್ಟುಕೊಳ್ಳಿ. 80 ಮೆಗಾಹರ್ಟ್ಸ್ ಅಗಲ, ಎರಡು ಆಂಟೆನಾ ಇದ್ದಾಗ 802.11ಎಸಿ ತಲುಪುವ ದರ ಅದು. ಪ್ಯಾಕೆಟ್‌ನ ದತ್ತಾಂಶ ಈಗ 14 ಮೈಕ್ರೋಸೆಕೆಂಡ್‌ನಲ್ಲಿ ಮುಗಿಯುತ್ತದೆ. ಆದರೆ ಕಾಯುವ ಸಮಯ, ಪೀಠಿಕೆ (ಪ್ಯಾಕೆಟ್‌ನ ಮುಂದೆ ಹೋಗುವ ಸಂಕೇತ), ಸ್ವೀಕೃತಿ ಯಾವುದೂ ಕರಗುವುದಿಲ್ಲ. ಒಂದು ಪ್ಯಾಕೆಟ್‌ಗೆ ಇನ್ನೂ 200 ಮೈಕ್ರೋಸೆಕೆಂಡ್ ಮೇಲೇ ಆಗುತ್ತದೆ. ದರ ಹದಿನಾರು ಪಟ್ಟು ಏರಿದರೂ ಸಿಗುವುದು 60 ಎಂಬಿಪಿಎಸ್ ಒಳಗೇ. ಪ್ರತಿ ಕಾಗದಕ್ಕೂ ಕೌಂಟರ್ ಮುಂದೆ ಹೊಸದಾಗಿ ಸಾಲು ನಿಂತಂತೆ. ಗುಮಾಸ್ತರು ಎಷ್ಟೇ ಚುರುಕಾಗಿದ್ದರೂ ಸಾಲಿನ ಹೊತ್ತು ಉಳಿಯುವುದಿಲ್ಲ. ಅದನ್ನು ಉಳಿಸಲು ಹತ್ತಾರು ಫ್ರೇಮ್‌ಗಳನ್ನು (ಗಾಳಿಯಲ್ಲಿ ಹೋಗುವ ರೂಪದ ಪ್ಯಾಕೆಟ್‌ಗಳನ್ನು) ಒಟ್ಟುಗೂಡಿಸಿ ಒಂದೇ ಸರದಿಯಲ್ಲಿ ಕಳಿಸಬೇಕು. ಇದಕ್ಕೆ ಎ-ಎಂಪಿಡಿಯು ಎನ್ನುತ್ತಾರೆ. ಒಂದು ಸ್ವೀಕೃತಿ ಕಿಟಕಿಯಲ್ಲಿ, ಅಂದರೆ ಒಂದೇ ಸ್ವೀಕೃತಿಗೆ ಒಳಪಡುವ ಗುಂಪಿನಲ್ಲಿ, 64 ಫ್ರೇಮ್‌ವರೆಗೆ ಹಿಡಿಯುತ್ತದೆ. 32 ಫ್ರೇಮ್ ಕೂಡಿಸಿ ಲೆಕ್ಕ ಹಾಕಿದರೂ 590ರ ಆಸುಪಾಸು ಬರುತ್ತದೆ. ಲಿನಕ್ಸ್‌ನಲ್ಲಿ ನಿಮಗೆ ಸಿಕ್ಕ 400 ಇಲ್ಲಿಂದ ಬಂದದ್ದು.

ಹಾಗಿದ್ದರೆ ಫ್ರೀಬಿಎಸ್‌ಡಿಗೆ ಎ-ಎಂಪಿಡಿಯು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಅದರ ವೈಫೈ ಪದರದ ಹೆಸರು ನೆಟ್80211. ಸೋದರ ವ್ಯವಸ್ಥೆಯಾದ ನೆಟ್‌ಬಿಎಸ್‌ಡಿಯಲ್ಲಿ ಹುಟ್ಟಿ, ಫ್ರೀಬಿಎಸ್‌ಡಿಗೆ ಬಂದು, ಪ್ರೋಗ್ರಾಮರ್ ಸ್ಯಾಮ್ ಲೆಫ್ಲರ್ ಕೈಯಲ್ಲಿ ಬೆಳೆದದ್ದು. ಹಳೆಯ ಏಥರೋಸ್ ಕಾರ್ಡ್‌ಗಳಲ್ಲಿ ಅದು 802.11ಎನ್ ಅನ್ನು ವರ್ಷಗಳಿಂದ ಓಡಿಸುತ್ತಿದೆ. ಐಡಬ್ಲ್ಯುಎಲ್‌ವೈಫೈ ಡ್ರೈವರ್‌ಗೂ ಅದು ಗೊತ್ತು. ಲಿನಕ್ಸ್‌ನಲ್ಲಿ ದಿನವೂ ಮಾಡುತ್ತಿರುವುದೇ ಅದು. ಕೊರತೆ ಇದ್ದದ್ದು ಇವೆರಡರ ನಡುವಿನ ಬೆಸುಗೆಯಲ್ಲಿ. ನೀವು ಮುಂದೆ ಕೈ ಹಚ್ಚುವುದಾದರೂ ಅಲ್ಲೇ ಹಚ್ಚಬೇಕು.

ಇಂಟೆಲ್ ತನ್ನ ಡ್ರೈವರನ್ನು ಲಿನಕ್ಸ್‌ಗಾಗಿ ಬರೆಯುತ್ತದೆ. ಅದೃಷ್ಟಕ್ಕೆ ಜಿಪಿಎಲ್ (ಸೇರಿಸಿಕೊಂಡ ಸಂಕೇತಕ್ಕೂ ತನ್ನ ಷರತ್ತನ್ನೇ ಹೇರುವ ಪರವಾನಗಿ) ಜೊತೆಗೆ ಸಡಿಲವಾದ ಬಿಎಸ್‌ಡಿ ಪರವಾನಗಿಯಲ್ಲೂ ಕೊಡುತ್ತದೆ, ಹಾಗಾಗಿ ಫ್ರೀಬಿಎಸ್‌ಡಿ ಅದನ್ನು ತೆಗೆದುಕೊಳ್ಳಬಹುದು. ಆದರೆ ಆ ಡ್ರೈವರ್ ಮಾತಾಡುವುದು ಲಿನಕ್ಸ್‌ನ ಮ್ಯಾಕ್80211 ಪದರದೊಂದಿಗೆ, ಮತ್ತು ಆ ಪದರ ಜಿಪಿಎಲ್. ಅದನ್ನು ಫ್ರೀಬಿಎಸ್‌ಡಿ ಕರ್ನಲ್‌ಗೆ ಎತ್ತಿ ತರುವಂತಿಲ್ಲ. ಆದ್ದರಿಂದ ಡ್ರೈವರ್ ಕರೆಯುವ ಪ್ರತಿ ಫಂಕ್ಷನ್‌ಗೂ ಪ್ರತಿರೂಪವನ್ನು ಹೊಸದಾಗಿ ಬರೆದು, ಒಳಗಡೆ ನೆಟ್80211ಗೆ ಜೋಡಿಸಿದರು. ಇದೇ ಲಿನಕ್ಸ್‌ಕೆಪಿಐ ಎಂಬ ಹೊಂದಾಣಿಕೆ ಪದರದ ವೈಫೈ ಭಾಗ. ಫ್ರೀಬಿಎಸ್‌ಡಿ ಫೌಂಡೇಶನ್‌ನ ಹಣದ ನೆರವಿನಿಂದ ಬ್ಯೋರ್ನ್ ಝೀಬ್ ಇದರ ಬಹುಪಾಲು ಬರೆದವರು. 2022ರ ಮೇ ತಿಂಗಳ 13.1ರಲ್ಲಿ ಐಡಬ್ಲ್ಯುಎಲ್‌ವೈಫೈ ಮೊದಲು ಬಂತು, 2023ರ 13.2ರಲ್ಲಿ ರಿಯಲ್‌ಟೆಕ್ ಕಾರ್ಡ್‌ಗಳ ಆರ್‌ಟಿಡಬ್ಲ್ಯು88 ಡ್ರೈವರ್ ಬಂತು. 2024ರಲ್ಲಿ ಫೌಂಡೇಶನ್ ಮತ್ತು ಕ್ವಾಂಟಮ್ ಲೀಪ್ ರಿಸರ್ಚ್ ಎಂಬ ಸಂಸ್ಥೆ ಸೇರಿ ಲ್ಯಾಪ್‌ಟಾಪ್ ಬೆಂಬಲಕ್ಕೆ 7.5 ಲಕ್ಷ ಡಾಲರ್ ತೆಗೆದಿಟ್ಟ ಮೇಲೆ ಕೆಲಸ ಬಿರುಸಾಯಿತು.

ಬೆಸೆಯುವುದು ಕಷ್ಟವಾದದ್ದು ಏಕೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಸಂಪರ್ಕ ಕಡಿಯುವುದಕ್ಕೂ ಇದಕ್ಕೂ ನಂಟಿದೆ.

ನೆಟ್80211ರಲ್ಲಿ ಸಂಪರ್ಕದ ಸ್ಥಿತಿಗಳು ಇನಿಟ್, ಸ್ಕ್ಯಾನ್, ಆಥ್, ಅಸೋಕ್, ರನ್ ಎಂದು ಸಾಗುತ್ತವೆ. ಮ್ಯಾಕ್80211ರಲ್ಲಿ ರೌಟರ್‌ನ ಸ್ಥಿತಿ ನಾಟ್‌ಎಕ್ಸಿಸ್ಟ್, ನನ್, ಆಥ್, ಅಸೋಕ್, ಆಥರೈಸ್ಡ್. ಹೆಸರುಗಳು ಹತ್ತಿರ, ನಡೆ ಬೇರೆ. ನೆಟ್80211 ರನ್‌ನಿಂದ ಒಂದೇ ಜಿಗಿತಕ್ಕೆ ಇನಿಟ್‌ಗೆ ಹಾರಬಲ್ಲದು. ಮ್ಯಾಕ್80211 ಹಾಗೆ ಬಿಡುವುದಿಲ್ಲ. ಒಂದೊಂದೇ ಮೆಟ್ಟಿಲು ಇಳಿಯಬೇಕು, ಪ್ರತಿ ಮೆಟ್ಟಿಲಲ್ಲೂ ಡ್ರೈವರ್ ಫರ್ಮ್‌ವೇರ್‌ಗೆ (ಕಾರ್ಡಿನೊಳಗೇ ಓಡುವ ತಂತ್ರಾಂಶಕ್ಕೆ) ಒಂದಿಷ್ಟು ಆದೇಶ ಕಳಿಸುತ್ತದೆ. ಹಾಗಾಗಿ ಹೊಂದಾಣಿಕೆ ಪದರದಲ್ಲಿ ಒಂದು ಕೋಷ್ಟಕವೇ ಇದೆ: ಈ ಸ್ಥಿತಿಯಿಂದ ಆ ಸ್ಥಿತಿಗೆ ಹೋಗಲು ಈ ಫಂಕ್ಷನ್. ನೆಟ್80211ರ ಒಂದು ಜಿಗಿತವನ್ನು ಆ ಫಂಕ್ಷನ್ ನಾಲ್ಕು ಮೆಟ್ಟಿಲಾಗಿ ಬಿಡಿಸುತ್ತದೆ. ಒಂದು ಮೆಟ್ಟಿಲು ತಪ್ಪಿದರೂ ಇಂಟೆಲ್ ಫರ್ಮ್‌ವೇರ್ ಸುಮ್ಮನಿರುವುದಿಲ್ಲ. ತಾನೇ ಕುಸಿದು, ಡಿಮೆಸೇಜ್‌ನಲ್ಲಿ (ಕರ್ನಲ್‌ನ ಸಂದೇಶ ತೋರಿಸುವ ಆದೇಶ; ಟೈಪ್ ಮಾಡುವುದು ಡಿ-ಎಂ-ಇ-ಎಸ್-ಜಿ) ‘ಮೈಕ್ರೋಕೋಡ್ ಎಸ್‌ಡಬ್ಲ್ಯು ಎರರ್ ಡಿಟೆಕ್ಟೆಡ್’ ಎಂಬ ಸಾಲು, ಅದರ ಕೆಳಗೆ ಉದ್ದದ ಸಂಖ್ಯೆಗಳ ಪಟ್ಟಿ ಕಕ್ಕುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ನೆಟ್80211 ಬೇರೆ ರೌಟರ್‌ಗೆ, ಅಥವಾ ಅದೇ ರೌಟರ್‌ಗೇ ಮತ್ತೆ ಸೇರುವಾಗ ಹೊಸ ನೋಡ್ (ರೌಟರ್‌ನ ದಾಖಲೆ) ಮಾಡಿ, ಹಳೆಯದರ ಜಾಗಕ್ಕೆ ತಟ್ಟನೆ ಕೂರಿಸುತ್ತದೆ. ಹಳೆಯ ಡ್ರೈವರ್‌ಗಳಿಗೆ ಅದು ತಿಳಿಯಬೇಕಾದ ಸಂಗತಿಯೂ ಆಗಿರಲಿಲ್ಲ. ಇಂಟೆಲ್ ಫರ್ಮ್‌ವೇರ್ ಹಾಗಲ್ಲ, ರೌಟರ್‌ನ ದಾಖಲೆಯನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಹಳೆಯ ದಾಖಲೆ ಅಳಿಸುವ ಮುನ್ನವೇ ಹೊಸದನ್ನು ಸೇರಿಸಲು ಹೋದರೆ ಎರಡರ ನಡುವೆ ಗೊಂದಲವಾಗಿ ಮತ್ತೆ ಅದೇ ಕುಸಿತ.

ಒಂದೇ ದತ್ತಾಂಶವನ್ನು ಇಬ್ಬರು ಒಟ್ಟಿಗೆ ಬದಲಿಸದಂತೆ ಕಾಯುವ ಲಾಕ್‌ಗಳದ್ದು ಮೂರನೆಯ ತೊಡಕು. ನೆಟ್80211ರ ಮುಖ್ಯ ಲಾಕ್ ಹಿಡಿದುಕೊಂಡು ನಿದ್ರಿಸುವಂತಿಲ್ಲ. ಲಿನಕ್ಸ್ ಡ್ರೈವರ್‌ನ ಫಂಕ್ಷನ್‌ಗಳೋ ಫರ್ಮ್‌ವೇರ್ ಉತ್ತರಕ್ಕಾಗಿ ನಿದ್ರಿಸಿ ಕಾಯುತ್ತವೆ. ಹಾಗಾಗಿ ಸ್ಥಿತಿ ಬದಲಿಸುವ ನಡುವೆ ನೆಟ್80211ರ ಲಾಕ್ ಬಿಟ್ಟು, ಹೊಂದಾಣಿಕೆ ಪದರದ ಲಾಕ್ ಹಿಡಿದು, ಕೆಲಸ ಮುಗಿಸಿ, ಮತ್ತೆ ಮೊದಲಿನದನ್ನು ಹಿಡಿಯಬೇಕು. ಬಿಟ್ಟ ಆ ಗಳಿಗೆಯಲ್ಲಿ ಬೇರೊಂದು ಥ್ರೆಡ್ ಸ್ಥಿತಿಯನ್ನು ಬದಲಿಸಿಬಿಡಬಹುದು. ವಾರಕ್ಕೊಮ್ಮೆ ಕಾಣಿಸಿ ಮಾಯವಾಗುವ ದೋಷಗಳ ತವರು ಇದೇ.

ಗೂಢಲಿಪೀಕರಣದಲ್ಲೂ ಯಾರು ಏನು ಮಾಡಬೇಕೆಂಬ ಹಂಚಿಕೆ ಸ್ಪಷ್ಟವಾಗಬೇಕಿತ್ತು. ಡಬ್ಲ್ಯುಪಿಎ2 ಭದ್ರತೆಯ ಸಿಸಿಎಂಪಿ ಎಂಬ ಗೂಢಲಿಪಿ ವಿಧಾನದಲ್ಲಿ ಪ್ರತಿ ಫ್ರೇಮ್‌ಗೆ 8 ಬೈಟ್ ಶಿರೋಭಾಗ, ಕೊನೆಗೆ 8 ಬೈಟ್ ಪರಿಶೀಲನಾ ಸಂಕೇತ ಸೇರುತ್ತದೆ. ನೆಟ್80211, ಡ್ರೈವರ್, ಕಾರ್ಡ್ — ಮೂರರಲ್ಲಿ ಇಬ್ಬರು ಬರೆದರೆ ಫ್ರೇಮ್ 8 ಬೈಟ್ ಉಬ್ಬುತ್ತದೆ, ಯಾರೂ ಬರೆಯದಿದ್ದರೆ ಕುಗ್ಗುತ್ತದೆ. ಎರಡೂ ಸಂದರ್ಭದಲ್ಲಿ ರೌಟರ್ ಸದ್ದಿಲ್ಲದೆ ಎಸೆಯುತ್ತದೆ. ಎಲ್ಲವನ್ನೂ ಸಾಫ್ಟ್‌ವೇರ್‌ನಲ್ಲೇ ಮಾಡಿದರೆ ಈ ಜಗಳ ಇಲ್ಲ, ಆದರೆ ನೂರಾರು ಎಂಬಿಪಿಎಸ್‌ನಲ್ಲಿ ಸಿಪಿಯು ಬಸವಳಿಯುತ್ತದೆ. 14.3ರಲ್ಲಿ ಕಾರ್ಡೇ ಗೂಢಲಿಪೀಕರಣ ಮಾಡುವ ವ್ಯವಸ್ಥೆ, ಎನ್ ಮತ್ತು ಎಸಿ ಮೂರೂ ಒಟ್ಟಿಗೆ ಬಂದದ್ದು ಕಾಕತಾಳೀಯವಲ್ಲ.

ಇನ್ನು ಎ-ಎಂಪಿಡಿಯು. ಸ್ವೀಕರಿಸುವ ಕಡೆ, ನಡುವಿನ ಫ್ರೇಮ್ ಕಳೆದುಹೋದರೆ ಉಳಿದವನ್ನು ಹಿಡಿದಿಟ್ಟು ಕ್ರಮದಲ್ಲಿ ಮೇಲೆ ಕಳಿಸಬೇಕು. ನೆಟ್80211 ಈ ಕೆಲಸವನ್ನು ತಾನೇ ಮಾಡುತ್ತದೆ. ಹೊಸ ಇಂಟೆಲ್ ಕಾರ್ಡ್‌ಗಳಲ್ಲಿ ಫರ್ಮ್‌ವೇರ್ ಕೊಡುವ ಸುಳಿವಿನ ಮೇಲೆ ಡ್ರೈವರೇ ಮಾಡುತ್ತದೆ. ಇಬ್ಬರೂ ಮಾಡಿದರೆ ಕಿಟಕಿಗಳು ಹೊಂದದೆ ಫ್ರೇಮ್‌ಗಳು ಅಲ್ಲೇ ತಂಗಿ, ಪಿಂಗ್ ಸಮಯ ಇದ್ದಕ್ಕಿದ್ದಂತೆ ಎಗರುತ್ತದೆ. ಕ್ರಮಸಂಖ್ಯೆ ಹಾಕುವವರು ಯಾರು, ಮರುಜೋಡಣೆ ಮಾಡುವವರು ಯಾರು ಎಂದು ಡ್ರೈವರ್ ಮುಂಚಿತವಾಗಿ ಹೇಳಲು ನೆಟ್80211ರಲ್ಲಿ ಈಗ ಪ್ರತ್ಯೇಕ ಗುರುತುಗಳಿವೆ.

ಇಷ್ಟು ಹಿನ್ನೆಲೆ ಸಾಕು. ನಿಮ್ಮ ಯಂತ್ರಕ್ಕೆ ಬರೋಣ.

ಡಿಸ್ಕ್‌ನಲ್ಲಿ ಜೆಡ್‌ಎಫ್‌ಎಸ್ ಕಡತ ವ್ಯವಸ್ಥೆ ಇದ್ದರೆ ಮೊದಲು ‘ಬಿಇಸಿಟಿಎಲ್ ಕ್ರಿಯೇಟ್ ಹಳೆಯದು’ ಎಂಬಂತೆ ಒಂದು ಬೂಟ್ ಪರಿಸರ, ಅಂದರೆ ಕೆಟ್ಟರೆ ಹಿಂತಿರುಗಬಹುದಾದ ಪ್ರತಿ, ಉಳಿಸಿಕೊಳ್ಳಿ (ಹೆಸರು ನಿಮ್ಮಿಷ್ಟ, ಇಂಗ್ಲಿಷ್ ಅಕ್ಷರದಲ್ಲಿ). ನಂತರ ‘ಫ್ರೀಬಿಎಸ್‌ಡಿ-ಅಪ್‌ಡೇಟ್ -ಆರ್ 14.3-ರಿಲೀಸ್ ಅಪ್‌ಗ್ರೇಡ್’, ಇಲ್ಲಿ ರಿಲೀಸ್ ದೊಡ್ಡಕ್ಷರ, -ಆರ್ ಸಣ್ಣಕ್ಷರ. ಆಮೇಲೆ ‘ಫ್ರೀಬಿಎಸ್‌ಡಿ-ಅಪ್‌ಡೇಟ್ ಇನ್‌ಸ್ಟಾಲ್’, ರೀಬೂಟ್, ಮತ್ತೊಮ್ಮೆ ಇನ್‌ಸ್ಟಾಲ್. ಎರಡನೆಯ ಇನ್‌ಸ್ಟಾಲ್ ಮರೆತು ಹೊಸ ಕರ್ನಲ್ ಮೇಲೆ ಹಳೆಯ ಐಎಫ್‌ಕಾನ್ಫಿಗ್ (ಜಾಲ ಸಂಪರ್ಕ ಹೊಂದಿಸುವ ಆದೇಶ) ಓಡಿಸುವವರು ಬಹಳ ಮಂದಿ. ‘ಫ್ರೀಬಿಎಸ್‌ಡಿ-ವರ್ಷನ್ -ಕೆಆರ್‌ಯು’ ಕೊಟ್ಟಾಗ ಮೂರು ಸಾಲಿನಲ್ಲೂ 14.3 ಕಾಣಬೇಕು. ಅದಕ್ಕಿಂತ ಹೊಸ ಆವೃತ್ತಿ ಸಿಗುತ್ತಿದ್ದರೆ ಅದನ್ನೇ ಹಾಕಿ. ಏರಿಸುವಾಗ ವೈಫೈಯನ್ನು ನಂಬಬೇಡಿ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಟೆದರಿಂಗ್‌ಗೆ ಹಾಕಿ, ‘ಕೆಎಲ್‌ಡಿಲೋಡ್ ಐಎಫ್_ಯುಆರ್‌ಎನ್‌ಡಿಐಎಸ್’ ಕೊಟ್ಟರೆ ಯುಇ0 ಎಂಬ ಸಂಪರ್ಕ ಬರುತ್ತದೆ. ಅದರ ಮೇಲೆ ಡಿಎಚ್‌ಕ್ಲೈಂಟ್ ಓಡಿಸಿ.

ನಂತರ ‘ಎಫ್‌ಡಬ್ಲ್ಯುಗೆಟ್’ ಓಡಿಸಿ. ಯಂತ್ರದಲ್ಲಿರುವ ಕಾರ್ಡ್ ನೋಡಿ ತಕ್ಕ ಫರ್ಮ್‌ವೇರ್ ಪ್ಯಾಕೇಜ್ ತರುತ್ತದೆ. -ಎನ್ ಸೇರಿಸಿದರೆ ಏನು ತರುತ್ತದೆಂದು ಹೇಳುತ್ತದೆ ಅಷ್ಟೇ, ಹಾಕುವುದಿಲ್ಲ. ಡ್ರೈವರನ್ನು ಬೂಟ್‌ನ ಮೊದಲ ಹಂತದಲ್ಲಿ ಓದಲಾಗುವ ಲೋಡರ್.ಕಾನ್ಫ್ ಕಡತದಲ್ಲಿ ಬರೆದಿದ್ದರೆ ತೆಗೆಯಿರಿ. ಅಷ್ಟು ಮೊದಲೇ ಲೋಡ್ ಮಾಡುವುದು ಸಲ್ಲದು ಎಂದು ಡ್ರೈವರ್‌ನ ಕೈಪಿಡಿಯೇ ಹೇಳುತ್ತದೆ. ಸಾಧನಕ್ಕೆ ತಕ್ಕ ಡ್ರೈವರ್ ಹುಡುಕುವ ಡೆವ್‌ಮ್ಯಾಚ್ ತಾನಾಗಿ ಲೋಡ್ ಮಾಡುತ್ತದೆ, ಮಾಡದಿದ್ದರೆ ವ್ಯವಸ್ಥೆಯ ಸೆಟ್ಟಿಂಗ್ ಕಡತವಾದ ಆರ್‌ಸಿ.ಕಾನ್ಫ್‌ನ ಕೆಎಲ್‌ಡಿ_ಲಿಸ್ಟ್‌ಗೆ ಐಎಫ್_ಐಡಬ್ಲ್ಯುಎಲ್‌ವೈಫೈ ಸೇರಿಸಿ. ಆರ್‌ಸಿ.ಕಾನ್ಫ್‌ನಲ್ಲಿ ಇರಬೇಕಾದ ಇನ್ನೆರಡು ಸಾಲು: ಡಬ್ಲ್ಯುಲ್ಯಾನ್ಸ್_ಐಡಬ್ಲ್ಯುಎಲ್‌ವೈಫೈ0="ಡಬ್ಲ್ಯುಲ್ಯಾನ್0" ಮತ್ತು ಐಎಫ್‌ಕಾನ್ಫಿಗ್_ಡಬ್ಲ್ಯುಲ್ಯಾನ್0="ಡಬ್ಲ್ಯುಪಿಎ ಸಿಂಕ್‌ಡಿಎಚ್‌ಸಿಪಿ"; ಕೊನೆಯ ಎರಡು ಪದ ದೊಡ್ಡಕ್ಷರ. ಹಳೆಯ ಇಂಟೆಲ್ ಕಾರ್ಡ್ ಇರುವವರಿಗೆ ‘ಸಿಸ್‌ಸಿಟಿಎಲ್ ನೆಟ್.ಡಬ್ಲ್ಯುಲ್ಯಾನ್.ಡಿವೈಸಸ್’ ಕೊಟ್ಟಾಗ ಐಡಬ್ಲ್ಯುಎಂ0 ಎಂದು ಬಂದರೆ ಹಿಂದಿನ ಡ್ರೈವರ್ ಹಿಡಿದುಕೊಂಡಿದೆ ಎಂದರ್ಥ. ಅದು 54ರ ಮೇಲೆ ಹೋಗುವುದೇ ಇಲ್ಲ. ಆರ್‌ಸಿ.ಕಾನ್ಫ್‌ನಲ್ಲಿ ಡೆವ್‌ಮ್ಯಾಚ್_ಬ್ಲಾಕ್‌ಲಿಸ್ಟ್="ಐಎಫ್_ಐಡಬ್ಲ್ಯುಎಂ" ಹಾಕಿ ರೀಬೂಟ್ ಮಾಡಿ.

ಈಗ ‘ಐಎಫ್‌ಕಾನ್ಫಿಗ್ ಡಬ್ಲ್ಯುಲ್ಯಾನ್0’ ಕೊಟ್ಟು ಮೀಡಿಯಾ ಎಂಬ ಸಾಲು ನೋಡಿ. ಅಲ್ಲಿ ‘ಮೋಡ್ 11ಎಸಿ’ ಅಥವಾ ‘11ಎನ್‌ಎ’ ಇದ್ದರೆ ಗೆದ್ದಿರಿ. ಇನ್ನೂ ‘ಮೋಡ್ 11ಎ’ ಎಂದೇ ಇದ್ದರೆ, ಮೊದಲ ಗುಮಾನಿ ರೌಟರ್‌ನ ಭದ್ರತಾ ಸೆಟ್ಟಿಂಗ್ ಮೇಲೆ. ಟಿಕೆಐಪಿ ಎಂಬ ಹಳೆಯ ಗೂಢಲಿಪಿ ವಿಧಾನ ಬಳಸುವ ಸಂಪರ್ಕದಲ್ಲಿ ಎನ್ ದರಗಳನ್ನು ಬಳಸಬಾರದೆಂದು ಮಾನದಂಡದಲ್ಲೇ ಇದೆ. ರೌಟರ್ ‘ಡಬ್ಲ್ಯುಪಿಎ/ಡಬ್ಲ್ಯುಪಿಎ2 ಮಿಶ್ರ’ದಲ್ಲಿದ್ದರೆ ‘ಡಬ್ಲ್ಯುಪಿಎ2, ಎಇಎಸ್ ಮಾತ್ರ’ ಎಂದು ಬದಲಿಸಿ. ವಿರುದ್ಧ ತುದಿಯಲ್ಲಿ, ಡಬ್ಲ್ಯುಪಿಎ3 ಮಾತ್ರ ಎಂದಿಟ್ಟ ರೌಟರ್‌ಗೆ 14.x ಸೇರುವುದಿಲ್ಲ. ಡಬ್ಲ್ಯುಪಿಎ2/3 ಎರಡೂ ಇರುವ ಆಯ್ಕೆ ಇಟ್ಟುಕೊಳ್ಳಿ. ಎರಡನೆಯ ಗುಮಾನಿ ಲೋಡರ್‌ನ ಹಳೆಯ ಚರಗಳ ಮೇಲೆ. ಕಂಪ್ಯಾಟ್.ಲಿನಕ್ಸ್‌ಕೆಪಿಐ.ಐಡಬ್ಲ್ಯುಎಲ್‌ವೈಫೈ_11ಎನ್_ಡಿಸೇಬಲ್ ಮತ್ತು ಐಡಬ್ಲ್ಯುಎಲ್‌ವೈಫೈ_ಡಿಸೇಬಲ್_11ಎಸಿ ಎರಡನ್ನೂ ಸಿಸ್‌ಸಿಟಿಎಲ್‌ನಿಂದ ಓದಿ, 1 ಆಗಿಲ್ಲವೆಂದು ಖಚಿತಪಡಿಸಿಕೊಳ್ಳಿ. ಅಂತರ್ಜಾಲದಲ್ಲಿ ಸಿಕ್ಕ ಹತ್ತಾರು ಚರಗಳನ್ನು ಒಟ್ಟಿಗೆ ಲೋಡರ್.ಕಾನ್ಫ್‌ಗೆ ಸುರಿಯುವ ಅಭ್ಯಾಸ ಬಿಡಿ. ಹಿಂದಿನ ಆವೃತ್ತಿಯ ಔಷಧ ಮುಂದಿನದಕ್ಕೆ ರೋಗವಾಗುತ್ತದೆ.

ದೇಶದ ಗುರುತನ್ನೂ ಹೊಂದಿಸಿ. ಹೇಳದಿದ್ದರೆ ಅಮೆರಿಕದ ನಿಯಮ ಹಿಡಿಯುತ್ತದೆ. ಆಗ 2.4 ಗಿಗಾಹರ್ಟ್ಸ್‌ನ 12 ಮತ್ತು 13ನೇ ಚಾನೆಲ್ ಮೇಲಿರುವ ರೌಟರ್‌ಗಳು ಕಣ್ಣಿಗೇ ಬೀಳುವುದಿಲ್ಲ. ಆರ್‌ಸಿ.ಕಾನ್ಫ್‌ನಲ್ಲಿ ಕ್ರಿಯೇಟ್_ಆರ್ಗ್ಸ್_ಡಬ್ಲ್ಯುಲ್ಯಾನ್0="ಕಂಟ್ರಿ ಐಎನ್" ಎಂದು ಬರೆಯಿರಿ, ಐಎನ್ ದೊಡ್ಡಕ್ಷರ. ‘ಐಎಫ್‌ಕಾನ್ಫಿಗ್ ಡಬ್ಲ್ಯುಲ್ಯಾನ್0 ಲಿಸ್ಟ್ ಚಾನ್’ ಕೊಟ್ಟರೆ ಯಾವ ಚಾನೆಲ್‌ಗಳು ಸಿಕ್ಕಿವೆ ಎಂದು ಕಾಣುತ್ತದೆ. ಭಾರತ 2018ರ ಅಕ್ಟೋಬರ್‌ನಲ್ಲಿ 5150–5350, 5470–5725, 5725–5875 ಮೆಗಾಹರ್ಟ್ಸ್ ಪಟ್ಟಿಗಳನ್ನು ಪರವಾನಗಿಮುಕ್ತ ಮಾಡಿದೆ. ನಿಮ್ಮ ಪಟ್ಟಿ ಅದಕ್ಕಿಂತ ಕಿರಿದಾಗಿದ್ದರೆ ಇಟಿಸಿಯಲ್ಲಿರುವ ರೆಗ್‌ಡೊಮೇನ್.ಎಕ್ಸ್‌ಎಂಎಲ್‌ನ ಕೋಷ್ಟಕ ಹಳೆಯದು ಎಂದರ್ಥ. ಪರೀಕ್ಷೆಗೆ ಸದ್ಯ ರೌಟರನ್ನು 36ರಿಂದ 48ರೊಳಗಿನ ಚಾನೆಲ್‌ನಲ್ಲಿ, 80 ಮೆಗಾಹರ್ಟ್ಸ್ ಅಗಲದಲ್ಲಿ ನಿಲ್ಲಿಸಿ.

ವೇಗ ಅಳೆಯಲು ಅಂತರ್ಜಾಲದ ಸ್ಪೀಡ್ ಟೆಸ್ಟ್ ಬೇಡ. ರೌಟರ್‌ಗೆ ತಂತಿಯಲ್ಲಿ ಜೋಡಿಸಿದ ಇನ್ನೊಂದು ಯಂತ್ರದಲ್ಲಿ ‘ಐಪರ್ಫ್3 -ಎಸ್’, ನಿಮ್ಮದರಲ್ಲಿ ‘ಐಪರ್ಫ್3 -ಸಿ’ ಆ ಯಂತ್ರದ ವಿಳಾಸ ‘-ಟಿ 30’. ಆಮೇಲೆ ದೊಡ್ಡಕ್ಷರದ -ಆರ್ ಸೇರಿಸಿ ಎದುರು ದಿಕ್ಕು ಅಳೆಯಿರಿ. ಎರಡೂ ದಿಕ್ಕು ಅಳೆಯಲೇಬೇಕು. ಇಳಿಕೆ ಚೆನ್ನಾಗಿದ್ದು ಏರಿಕೆ 40–60ರಲ್ಲಿ ನಿಂತರೆ, ರೌಟರ್ ಒಟ್ಟುಗೂಡಿಸುತ್ತಿದೆ, ನಿಮ್ಮ ಕಡೆ ಆಗುತ್ತಿಲ್ಲ. ದರ ಮಾತ್ರ ಏರಿ ಎ-ಎಂಪಿಡಿಯು ಇಲ್ಲದಾಗ 60ರ ಒಳಗೇ ಎಂದು ಮೇಲೆ ಲೆಕ್ಕ ಹಾಕಿದೆವಲ್ಲ, ಅದೇ ಸ್ಥಿತಿ. ‘ಐಎಫ್‌ಕಾನ್ಫಿಗ್ -ವಿ ಡಬ್ಲ್ಯುಲ್ಯಾನ್0’ ಹೊರಹಾಕುವ ಗುರುತುಗಳಲ್ಲಿ ಎಎಂಪಿಡಿಯು ಬಗ್ಗೆ ಏನಿದೆ ನೋಡಿ. ಜೊತೆಗೆ ‘ಸಿಸ್‌ಸಿಟಿಎಲ್ ಕಂಪ್ಯಾಟ್.ಲಿನಕ್ಸ್‌ಕೆಪಿಐ.80211.ಡಬ್ಲ್ಯುಲ್ಯಾನ್0.ಡಂಪ್_ಸ್ಟಾಸ್’ ಎಂಬುದು ಡ್ರೈವರ್ ಕಡೆಯ ನೋಟವನ್ನು ಕೊಡುತ್ತದೆ. ಎರಡೂ ಕಡೆಯ ಚಿತ್ರ ಹೊಂದದೇ ಇದ್ದರೆ ಅದೇ ನಿಮ್ಮ ಸುಳಿವು. ಸಂಕೇತದ ಬಲವನ್ನೂ ಮರೆಯಬೇಡಿ: 80 ಮೆಗಾಹರ್ಟ್ಸ್‌ನಲ್ಲಿ ಅತಿ ಮೇಲಿನ ದರಕ್ಕೆ ಮಾನದಂಡ ಕೇಳುವ ಕನಿಷ್ಠ ಸಂವೇದನೆ -51 ಡಿಬಿಎಂ. ಒಳ್ಳೆಯ ಕಾರ್ಡ್‌ಗಳು ಅದಕ್ಕಿಂತ ಕಡಿಮೆ ಬಲದಲ್ಲೂ ನಡೆಸುತ್ತವೆ, ಆದರೆ ಎರಡು ಗೋಡೆಯಾಚೆ -70ರಲ್ಲಿ ಕೂತು ಕರ್ನಲ್ ಬೈದು ಪ್ರಯೋಜನವಿಲ್ಲ.

ಸಂಪರ್ಕ ಕಡಿಯುವ ಬಗ್ಗೆ. ಮೊದಲು ಸಮಯ ಗುರುತಿಸಿ. ಸರಿಯಾಗಿ ಗಂಟೆಗೊಮ್ಮೆ ಕಡಿದರೆ ರೌಟರ್ ಗುಂಪು ಕೀಲಿ (ಸೇರಿದ ಎಲ್ಲ ಸಾಧನಗಳಿಗೂ ಒಂದೇ ಆದ ಗೂಢಲಿಪಿ ಕೀಲಿ) ಬದಲಿಸುವ ಹೊತ್ತಿರಬಹುದು. ಬಹಳಷ್ಟು ರೌಟರ್‌ಗಳಲ್ಲಿ ಅದು 3600 ಸೆಕೆಂಡ್. ರೌಟರ್‌ನಲ್ಲಿ ಆ ಅವಧಿಯನ್ನು 300ಕ್ಕೆ ಇಳಿಸಿ. ಐದು ನಿಮಿಷಕ್ಕೊಮ್ಮೆ ಕಡಿಯತೊಡಗಿದರೆ ಕಳ್ಳ ಸಿಕ್ಕಿದ. ಗೊತ್ತುಗುರಿಯಿಲ್ಲದೆ ಕಡಿದರೆ ‘ಐಎಫ್‌ಕಾನ್ಫಿಗ್ ಡಬ್ಲ್ಯುಲ್ಯಾನ್0 -ಬಿಜಿಸ್ಕ್ಯಾನ್’ ಕೊಟ್ಟು ಹಿನ್ನೆಲೆ ಹುಡುಕಾಟ ನಿಲ್ಲಿಸಿ ನೋಡಿ. ವೈಫೈಗೆ ಸೇರಿಸುವ ಕೆಲಸ ನೋಡುವ ಡಬ್ಲ್ಯುಪಿಎ_ಸಪ್ಲಿಕಂಟ್‌ನ ದಾಖಲೆಯಲ್ಲಿ ‘ರೀಸನ್=0’ ಎಂದು ಕಂಡರೆ ತಲೆಕೆಡಿಸಿಕೊಳ್ಳಬೇಡಿ. ಫ್ರೀಬಿಎಸ್‌ಡಿ ಕರ್ನಲ್ ಮೇಲಕ್ಕೆ ಕಳಿಸುವ ಸೂಚನೆಯಲ್ಲಿ ಕಾರಣದ ಸಂಖ್ಯೆ ಇರುವುದಿಲ್ಲ, ಅದಕ್ಕೇ ಸೊನ್ನೆ. ನಿಜವಾದ ಸಂಖ್ಯೆ ಬೇಕಾದರೆ ‘ಡಬ್ಲ್ಯುಲ್ಯಾನ್‌ಡಿಬಗ್ -ಐ ಡಬ್ಲ್ಯುಲ್ಯಾನ್0 +ಸ್ಟೇಟ್ +ಆಥ್ +ಅಸೋಕ್’ ಹಾಕಿಡಿ, ಕಡಿದಾಗ ಡಿಮೆಸೇಜ್ ಓದಿ. 7 ಬಂದರೆ ರೌಟರ್ ನಿಮ್ಮನ್ನು ಆಗಲೇ ಮರೆತಿದೆ, 15 ಬಂದರೆ ನಾಲ್ಕು ಹಂತದ ಕೀಲಿ ವಿನಿಮಯ ಸಮಯ ಮೀರಿದೆ, 16 ಬಂದರೆ ಗುಂಪು ಕೀಲಿಯದು. ಸೇರುವ ಹಂತದಲ್ಲೇ ‘ನೋ ಬೀಕನ್ ಹರ್ಡ್’ ಎಂಬ ಸಾಲು ಬಂದರೆ, ಫರ್ಮ್‌ವೇರ್ ಆ ಚಾನೆಲ್‌ನಲ್ಲಿ ನಿಲ್ಲಲು ಕೊಟ್ಟ ಅವಧಿ ರೌಟರ್‌ನ ಬೀಕನ್ (ತಾನಿದ್ದೇನೆಂದು ಆಗಾಗ ಸಾರುವ ಫ್ರೇಮ್) ಕೇಳುವ ಮೊದಲೇ ಮುಗಿದಿದೆ.

ರಿಯಲ್‌ಟೆಕ್ ಆರ್‌ಟಿಡಬ್ಲ್ಯು88 ಕಾರ್ಡ್ ಇರುವವರಿಗೆ ಒಂದು ಮಾತು: 13.2, 14.0ರಲ್ಲಿ 4 ಜಿಬಿಗಿಂತ ಹೆಚ್ಚು ಮೆಮರಿ ಇದ್ದ ಯಂತ್ರಗಳಲ್ಲಿ ಕಾರ್ಡ್ ಏಳದಿದ್ದರೆ ಲೋಡರ್.ಕಾನ್ಫ್‌ನಲ್ಲಿ ಕಂಪ್ಯಾಟ್.ಲಿನಕ್ಸ್‌ಕೆಪಿಐ.ಎಸ್‌ಕೆಬಿ.ಮೆಮ್_ಲಿಮಿಟ್=1 ಬೇಕಾಗುತ್ತಿತ್ತು. ಆ ಕಾರ್ಡ್‌ಗೆ 4 ಜಿಬಿಯಾಚೆಗಿನ ವಿಳಾಸ ಮುಟ್ಟಲಾಗದಿದ್ದದ್ದೇ ಕಾರಣ. ಏನು ಮಾಡಿದರೂ ಆಗದ ಕಾರ್ಡ್‌ಗೆ ವೈಫೈಬಾಕ್ಸ್ ಎಂಬ ಪೋರ್ಟ್ (ಫ್ರೀಬಿಎಸ್‌ಡಿಗೆ ಹೊಂದಿಸಿದ ತಂತ್ರಾಂಶ) ಇದೆ. ಬಿಹೈವ್ ಎಂಬ ವರ್ಚುವಲ್ ಯಂತ್ರದೊಳಗೆ ಪುಟ್ಟ ಲಿನಕ್ಸ್ ಓಡಿಸಿ, ಕಾರ್ಡನ್ನು ಅದಕ್ಕೇ ಒಪ್ಪಿಸುತ್ತದೆ. ಬಯಾಸ್‌ನಲ್ಲಿ ವಿಟಿ-ಡಿ ಅಥವಾ ಎಎಂಡಿ-ವಿಐ ಆನ್ ಇರಬೇಕು. ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಕರ್ನಲ್ ಸುಧಾರಿಸಬೇಕೆನ್ನುವವರಿಗೆ ಅದು ಪಲಾಯನವೇ.

ಕೊನೆಗೆ ಕೈ ಹಚ್ಚುವ ವಿಚಾರ. ಮೂಲ ಸಂಕೇತದಲ್ಲಿ ಮೂರು ಜಾಗ ಗುರುತಿಟ್ಟುಕೊಳ್ಳಿ: ಸಿಸ್/ನೆಟ್80211, ಸಿಸ್/ಕಾಂಟ್ರಿಬ್/ಡೆವ್/ಐಡಬ್ಲ್ಯುಎಲ್‌ವೈಫೈ, ಮತ್ತು ಸಿಸ್/ಕಂಪ್ಯಾಟ್/ಲಿನಕ್ಸ್‌ಕೆಪಿಐ/ಕಾಮನ್/ಎಸ್‌ಆರ್‌ಸಿ ಒಳಗಿನ ಲಿನಕ್ಸ್_80211.ಸಿ. ನಡುವಿನದನ್ನು, ಅಂದರೆ ಡ್ರೈವರನ್ನು, ಆದಷ್ಟು ಮುಟ್ಟಬೇಡಿ. ಲಿನಕ್ಸ್‌ನ ಹೊಸ ಆವೃತ್ತಿಯಿಂದ ಅದನ್ನು ಮತ್ತೆ ಮತ್ತೆ ತರಲಾಗುತ್ತದೆ. ಅಲ್ಲಿ ನೀವು ತಿದ್ದಿದ ಪ್ರತಿ ಸಾಲನ್ನೂ ಯಾರೋ ಪ್ರತಿ ಸಲ ಕೈಯಾರೆ ಹೊಂದಿಸಬೇಕು. ತಿದ್ದಲೇಬೇಕಾದಾಗ ಅದನ್ನು ಫ್ರೀಬಿಎಸ್‌ಡಿಗೆ ಮಾತ್ರ ಅನ್ವಯಿಸುವ ಪ್ರೀಪ್ರೊಸೆಸರ್ ಷರತ್ತಿನೊಳಗೆ ಇಡುವುದು ರೂಢಿ. ಓದುವುದನ್ನು ಲಿನಕ್ಸ್_80211.ಸಿಯ ಸ್ಥಿತಿ ಕೋಷ್ಟಕದಿಂದ ಶುರು ಮಾಡಿ. ಒಂದು ಟರ್ಮಿನಲ್‌ನಲ್ಲಿ ಕರ್ನಲ್ ಫಂಕ್ಷನ್‌ಗಳ ಓಟ ತೋರಿಸುವ ಡಿಟ್ರೇಸ್‌ನ ಎಫ್‌ಬಿಟಿ ಮೂಲಕ ಎಲ್‌ಕೆಪಿಐ_ಸ್ಟಾ_ ಎಂದು ಶುರುವಾಗುವ ಫಂಕ್ಷನ್‌ಗಳ ಪ್ರವೇಶ ಮುದ್ರಿಸುತ್ತಾ, ಇನ್ನೊಂದರಲ್ಲಿ ವೈಫೈ ಇಳಿಸಿ ಏರಿಸಿ. ಯಾವುದರ ಹಿಂದೆ ಯಾವುದು ಓಡುತ್ತದೆಂದು ಕಣ್ಣಾರೆ ಕಂಡ ಮೇಲೆ ಓದು ಸಲೀಸು.

ಮುಖ್ಯ ಶಾಖೆಯ ಜೆನೆರಿಕ್ ಕರ್ನಲ್‌ನಲ್ಲಿ ವಿಟ್ನೆಸ್ ಮತ್ತು ಇನ್‌ವೇರಿಯಂಟ್ಸ್ ಎಂಬ ಪರಿಶೀಲನೆಗಳು ಆನ್ ಇರುತ್ತವೆ. ಲಾಕ್ ಹಿಡಿಯುವ ಕ್ರಮ ತಪ್ಪಿದರೆ ಕೂಡಲೇ ಹೇಳುತ್ತವೆ. ದೋಷ ಹುಡುಕಲು ಅದೇ ಬೇಕು. ಆದರೆ ವೇಗ ಅಳೆಯುವುದು ಜೆನೆರಿಕ್-ನೋಡಿಬಗ್ ಕರ್ನಲ್‌ನಲ್ಲಿ ಮಾತ್ರ, ಇಲ್ಲವೆಂದರೆ ಪರಿಶೀಲನೆಯ ಭಾರವನ್ನೇ ವೈಫೈಯ ನಿಧಾನವೆಂದು ಬಗೆಯುತ್ತೀರಿ. ಬದಲಿಸಿದ ಮಾಡ್ಯೂಲ್ ಪರೀಕ್ಷಿಸಲು ಓಡುತ್ತಿರುವ ಡ್ರೈವರನ್ನು ಕೆಎಲ್‌ಡಿಅನ್‌ಲೋಡ್ ಮಾಡುವ ಬದಲು ರೀಬೂಟ್ ಮಾಡಿ. ಇಳಿಸುವ ದಾರಿಯೇ ಕರ್ನಲ್ ಬೀಳಿಸಬಹುದು.

ಗಾಳಿಯಲ್ಲಿ ಹೋಗುವುದನ್ನು ನೋಡಲು ಎರಡನೆಯ ಯಂತ್ರ ಬೇಕು. ಮಾನಿಟರ್ ಮೋಡ್ (ಸುತ್ತಲಿನ ಎಲ್ಲ ಫ್ರೇಮ್ ಹಿಡಿಯುವ ಸ್ಥಿತಿ) ಇರುವ ಯಾವುದಾದರೂ ಹಳೆಯ ಲಿನಕ್ಸ್ ಲ್ಯಾಪ್‌ಟಾಪ್ ಸಾಕು. ಎ-ಎಂಪಿಡಿಯು ಶುರುವಾಗುವ ಮುನ್ನ ಎರಡೂ ಕಡೆ ಎಡಿಡಿಬಿಎ ಎಂಬ ಕೋರಿಕೆ ಮತ್ತು ಉತ್ತರ ವಿನಿಮಯವಾಗುತ್ತವೆ. ಹಿಡಿದ ಫ್ರೇಮ್ ಓದುವ ವೈರ್‌ಶಾರ್ಕ್ ತಂತ್ರಾಂಶದಲ್ಲಿ ವರ್ಗ ಸಂಖ್ಯೆ 3ರ ಆಕ್ಷನ್ ಫ್ರೇಮ್‌ಗಳನ್ನು ಸೋಸಿ: ಕ್ರಿಯೆ 0 ಕೋರಿಕೆ, 1 ಉತ್ತರ, 2 ರದ್ದು. ಕೋರಿಕೆಯೇ ಹೋಗದಿದ್ದರೆ ದೋಷ ನಮ್ಮ ಕಡೆ. ಉತ್ತರದಲ್ಲಿ ಸ್ಥಿತಿ ಸಂಖ್ಯೆ 37 ಇದ್ದರೆ ರೌಟರ್ ನಿರಾಕರಿಸಿದೆ. ಇದನ್ನು ನೋಡುವಾಗ ರೌಟರ್‌ನಲ್ಲಿ ಪಿಎಂಎಫ್ (ನಿರ್ವಹಣಾ ಫ್ರೇಮ್‌ಗಳ ರಕ್ಷಣೆ) ಆಫ್ ಮಾಡಿಡಿ. ಅದು ಬಳಕೆಯಲ್ಲಿದ್ದರೆ ಈ ಫ್ರೇಮ್‌ಗಳೂ ಗೂಢಲಿಪಿಯಲ್ಲಿ ಹೋಗುತ್ತವೆ.

ತಿದ್ದುಪಡಿ ಬರೆಯುವ ಮುನ್ನ ಒಂದೆರಡು ಒಳ್ಳೆಯ ದೋಷವರದಿ ಬರೆಯುವುದು ಹೆಚ್ಚು ಉಪಕಾರ. ವರದಿಯಲ್ಲಿ ಇರಬೇಕಾದ್ದು: ‘ಪಿಸಿಐಕಾನ್ಫ್ -ಎಲ್‌ವಿ’ಯಲ್ಲಿ ಕಾರ್ಡಿನ ಪೂರ್ತಿ ಭಾಗ, ಉಪಸಾಧನದ ಸಂಖ್ಯೆ ಸಮೇತ, ಗಿಟ್ ಗುರುತಿನೊಂದಿಗೆ ‘ಯುನೇಮ್ -ಎ’, ಡಿಮೆಸೇಜ್‌ನಲ್ಲಿ ಫರ್ಮ್‌ವೇರ್ ಆವೃತ್ತಿ ಹೇಳುವ ಸಾಲು, ರೌಟರ್‌ನ ಚಾನೆಲ್, ಅಗಲ, ಭದ್ರತೆ, ಮೇಲೆ ಹೇಳಿದ ಎರಡೂ ದಿಕ್ಕಿನ ಐಪರ್ಫ್ ಅಂಕಿ, ಮತ್ತು ಫರ್ಮ್‌ವೇರ್ ಕುಸಿದಿದ್ದರೆ ಆ ಸಂಖ್ಯೆಗಳ ಪಟ್ಟಿ ಮೊದಲ ಸಾಲಿನಿಂದ ಕೊನೆಯವರೆಗೆ. ಅರ್ಧ ಕತ್ತರಿಸಿದ ಪಟ್ಟಿಯಿಂದ ಏನೂ ತಿಳಿಯುವುದಿಲ್ಲ. ರೌಟರ್‌ನ ಎಂಎಸಿ ವಿಳಾಸದಲ್ಲಿ ಕೊನೆಯ ಮೂರು ಬೈಟ್ ಮರೆಮಾಡಿ, ಮೊದಲ ಮೂರನ್ನು ಹಾಗೇ ಬಿಡಿ. ತಯಾರಕರು ಯಾರೆಂದು ಅವುಗಳಿಂದಲೇ ತಿಳಿಯುವುದು, ಮತ್ತು ಒಂದೇ ತಯಾರಕರ ರೌಟರ್‌ನಲ್ಲಿ ಮಾತ್ರ ಬರುವ ದೋಷಗಳು ಈ ಕೆಲಸದಲ್ಲಿ ಅಪರೂಪವಲ್ಲ.